ಕೆನಡಾ ಪಿಆರ್ ಅರ್ಜಿಯಲ್ಲಿ ಕೆಲಸ ಬಿಟ್ಟ ತಿಂಗಳು ತಪ್ಪಾಗಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ಕಲಬುರಗಿಯವರು. ನನ್ನ ತಂಗಿ ನರ್ಸ್. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ (ಅನುಭವ, ಓದು ನೋಡಿ ಅಂಕ ಕೊಟ್ಟು ಆರಿಸೋ ಪದ್ಧತಿ) ಕೆನಡಾ ಪಿಆರ್‌ಗೆ, ಅಂದ್ರೆ ಅಲ್ಲಿ ಕಾಯಂ ಆಗಿ ನೆಲೆಸೋ ಅನುಮತಿಗೆ, ಅರ್ಜಿ ಹಾಕಿದ್ದಾಳೆ. ಫೀಸ್ ಕಟ್ಟಿ ಸಬ್ಮಿಟ್ ಆಗಿದೆ.

ತೊಂದರೆ ಏನಂದ್ರೆ, ಫಾರ್ಮ್ ತುಂಬಿದ ಏಜೆಂಟ್ ಅವಳು ಹಳೇ ಆಸ್ಪತ್ರೆ ಬಿಟ್ಟ ತಿಂಗಳನ್ನು ಆಗಸ್ಟ್ 2021ರ ಬದಲು ಮಾರ್ಚ್ 2021 ಅಂತ ಹಾಕಿದ್ದಾನೆ. ರಿಲೀವಿಂಗ್ ಲೆಟರ್‌ನಲ್ಲಿ ಸಹಿ, ಸೀಲ್ ಸಮೇತ ಆಗಸ್ಟ್ ಅಂತಲೇ ಇದೆ. ಅದನ್ನೂ ಅವನೇ ಅಪ್‌ಲೋಡ್ ಮಾಡಿದ್ದಾನೆ! ಈಗ ಫಾರ್ಮ್ ಒಂದು ಹೇಳುತ್ತೆ, ಕಾಗದ ಇನ್ನೊಂದು. 10 ವರ್ಷದ ಪರ್ಸನಲ್ ಹಿಸ್ಟರಿಯಲ್ಲಿ ಐದು ತಿಂಗಳು ಖಾಲಿ ಬಿದ್ದಿದೆ. ಕೇಳಿದರೆ "ಏನೂ ಆಗಲ್ಲ, ಸುಮ್ನಿರ್ರಿ" ಅಂತಾನೆ. ಸುಳ್ಳು ಮಾಹಿತಿ ಕೊಟ್ಟಿದ್ದಾರೆ ಅಂತ ಅಲ್ಲಿನವರು ತೀರ್ಮಾನಿಸಿದರೆ 5 ವರ್ಷ ನಿಷೇಧ. ಸುಮ್ನಿರೋದು ಹೇಗೆ? ಇದರಿಂದ ಅವಳ ಅನುಭವ ಕಮ್ಮಿಯೇ ಆಗಿದೆ, ಅಂಕ ಹೆಚ್ಚಿಸಿಕೊಳ್ಳೋಕೆ ಮಾಡಿದ್ದಂತೂ ಅಲ್ಲ.

ಸಬ್ಮಿಟ್ ಆದ ಮೇಲೆ ನಾವೇ ತಿದ್ದೋಕೆ ಬರಲ್ಲ, ಐಆರ್‌ಸಿಸಿ (ಕೆನಡಾದ ವಲಸೆ ಇಲಾಖೆ) ವೆಬ್‌ಫಾರ್ಮ್‌ನಲ್ಲಿ ತಿಳಿಸಬೇಕು ಅನ್ನೋದು ಗೊತ್ತು. ವಿವರಣೆ ಪತ್ರ ರೆಡಿ ಇದೆ. ಇದನ್ನು ಮಾಡಿದವರು ಇದ್ದರೆ ಹೇಳಿ. ಪತ್ರದ ಜೊತೆ ಹಳೇ ರಿಲೀವಿಂಗ್ ಲೆಟರ್ ಸಾಕಾ, ಆಸ್ಪತ್ರೆಯಿಂದ ಹೊಸದು ತರಿಸಬೇಕಾ? ತಿದ್ದಿದ ಶೆಡ್ಯೂಲ್ ಎ ಫಾರ್ಮ್ (ಹಿನ್ನೆಲೆ ವಿವರ ತುಂಬೋ ಫಾರ್ಮ್) ಕೂಡ ಹಾಕಿದಿರಾ? ಕೋರ್ಟ್ ಹತ್ರ ನೋಟರಿ ಅಫಿಡವಿಟ್ ಮಾಡಿಸೋಣ ಅಂತಾರೆ ನಮ್ಮ ಭಾವ. ನನಗೆ ಅದು ಜಾಸ್ತಿ ಆಯ್ತು ಅನ್ನಿಸುತ್ತೆ.

ಅಕೌಂಟ್ ಪಾಸ್‌ವರ್ಡ್ ತಂಗಿ ಹತ್ತಿರವೇ ಇದೆ, ಪುಣ್ಯ. ಏಜೆಂಟರು ಯಾರೂ ಇನ್‌ಬಾಕ್ಸ್‌ಗೆ ಬರಬೇಡಿ ದಯವಿಟ್ಟು.