ಇಟಲಿಯ ಜಿನೋವಾದ ಹಳೇ ಊರು ಒಂದೇ ದಿನದಲ್ಲಿ ನೋಡೋದು ಹೇಗೆ?

ಪ್ರಶ್ನೆ (ತುಮಕೂರಿನಿಂದ): ಜೊತೆಗೆ ಅಪ್ಪ, ಅಮ್ಮ. ಅಮ್ಮನಿಗೆ ಮಂಡಿನೋವು, ಇಬ್ಬರೂ ಸಸ್ಯಾಹಾರಿಗಳು. ಪ್ರಿಂಚಿಪೆ ಸ್ಟೇಷನ್‌ನಲ್ಲಿ ಇಳಿದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ 1: ಬಂದರಿನಿಂದ ಶುರು ಮಾಡಬೇಡಿ, ಇಡೀ ದಿನ ಏರು ಹತ್ತಬೇಕಾಗುತ್ತೆ. ಬಾಲ್ಬಿ ರಸ್ತೆ ಹಿಡಿದು ಗರಿಬಾಲ್ಡಿ ರಸ್ತೆಗೆ ಹೋಗಿ. ಅಲ್ಲಿನ ಅರಮನೆಗಳು 2006ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಪಕ್ಕದ ಪೋರ್ತೆಲ್ಲೊ ಚೌಕದಿಂದ ಗುಡ್ಡದ ಮೇಲಿನ ಕಸ್ತೆಲ್ಲೆತ್ತೊ ಬಡಾವಣೆಗೆ ಲಿಫ್ಟ್ ಇದೆ, ಮಂಡಿಗೆ ಶ್ರಮವಿಲ್ಲದೆ ಇಡೀ ಊರು ಕಾಣುತ್ತೆ. ಆಮೇಲೆ ಗಲ್ಲಿಗಳಲ್ಲಿ ಇಳಿದು ಸ್ಯಾನ್ ಲೊರೆಂಜೊ ಚರ್ಚು. ಎರಡನೇ ಮಹಾಯುದ್ಧದಲ್ಲಿ, 1941ರಲ್ಲಿ ಒಳಗೆ ಬಿದ್ದು ಸಿಡಿಯದೇ ಉಳಿದ ಬ್ರಿಟಿಷ್ ಫಿರಂಗಿ ಶೆಲ್ ಅಲ್ಲೇ ಇಟ್ಟಿದ್ದಾರೆ. ಕೊನೆಗೆ ಬಂದರು.

ಉತ್ತರ 2: ಆ ಗಲ್ಲಿಗಳು ನಮ್ಮ ಚಿಕ್ಕಪೇಟೆಗಿಂತ ಇಕ್ಕಟ್ಟು, ಜಿಪಿಎಸ್ ತಪ್ಪುತ್ತೆ. ದಾರಿ ತಪ್ಪಿದರೆ ಇಳಿಜಾರು ಹಿಡಿಯಿರಿ, ಸಮುದ್ರ ಸಿಗುತ್ತೆ. ಇನ್ನೊಂದು ಗೋಜಲು: ಮನೆಗಳಿಗೆ ಕಪ್ಪು ನಂಬರ್, ಅಂಗಡಿಗಳಿಗೆ ಕೆಂಪು. ಒಂದೇ ಬೀದಿಯಲ್ಲಿ ಎರಡು ‘12’ ಇರಬಹುದು. ವಿಳಾಸದ ಕೊನೆಗೆ ‘ಆರ್’ ಅಕ್ಷರ ಇದ್ದರೆ ಕೆಂಪು ನಂಬರ್ ಹುಡುಕಿ.

ಉತ್ತರ 3: ಊಟಕ್ಕೆ ಫರಿನಾತ: ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಅಗಲ ತಾಮ್ರದ ತಟ್ಟೆಯಲ್ಲಿ ಬೇಯಿಸಿದ ತೆಳು ದೋಸೆ ಅಂದುಕೊಳ್ಳಿ. ಸಣ್ಣ ಮೀನು ಹಾಕಿದ್ದೂ ಇರುತ್ತೆ, ಕೇಳಿಯೇ ತಗೊಳ್ಳಿ. ಬಿಸಿ ಇದ್ದಾಗಲೇ ತಿನ್ನಿ, ಆರಿದರೆ ಚರ್ಮದ ಹಾಗಾಗುತ್ತೆ.