ಸಹಾಯ ಬೇಕು: ಸೈಡ್ ಬಾಕ್ಸ್ ಲಾಚ್ ಕೂರ್ತಿಲ್ಲ, ಬಿಚ್ಚಲಾ ವಾರಂಟಿಗೆ ಕೊಡಲಾ?

ನಮಸ್ಕಾರ ಎಲ್ಲರಿಗೂ. ಬೈಕ್ ಜೊತೆಗೇ ಶೋರೂಮಲ್ಲಿ ಹಾಕಿಸಿದ ಅಲ್ಯೂಮಿನಿಯಂ ಸೈಡ್ ಬಾಕ್ಸ್. ಎಡಗಡೆಯದರ ಲಾಚ್ ಕೈಕೊಟ್ಟಿದೆ. ಮುಚ್ಚಿದರೆ ಟಕ್ ಅನ್ನುತ್ತೆ, ಕೀ ಕೂಡ ತಿರುಗುತ್ತೆ, ಆದ್ರೆ ಕೊಕ್ಕೆ ಪೂರ್ತಿ ಹಿಡಿಯಲ್ಲ. ಶಿರಾಡಿ ಘಾಟಿಯಲ್ಲಿ ಹಿಂದಿದ್ದ ಲಾರಿಯವರು ಹಾರ್ನ್ ಹೊಡೆದು ಕೈ ತೋರಿಸಿದಾಗಲೇ ಗೊತ್ತಾಗಿದ್ದು, ಮುಚ್ಚಳ ಬಾಯಿ ಬಿಟ್ಟಿತ್ತು. ರೇನ್‌ಕೋಟ್ ಒಂದೇ ಹೋಗಿದ್ದು, ಪುಣ್ಯ.

ಟಾರ್ಚ್ ಹಿಡಿದು ನೋಡಿದೆ. ಸ್ಪ್ರಿಂಗ್ ಚೆನ್ನಾಗೇ ಇದೆ, ಒತ್ತಿ ಬಿಟ್ಟರೆ ವಾಪಸ್ ಬರುತ್ತೆ. ಕೊಕ್ಕೆ ಸಿಕ್ಕಿಕೊಳ್ಳೋ ಪಟ್ಟಿಯ ಸ್ಕ್ರೂಗಳು ಸಡಿಲವಾಗಿ ಪಟ್ಟಿ ಸ್ವಲ್ಪ ಕೆಳಗೆ ಜಾರಿದೆ, ಅಂಚಿನ ಕಪ್ಪು ಬಣ್ಣ ಉಜ್ಜಿ ಬೆಳ್ಳಗಾಗಿದೆ. ತೂತು ಉದ್ದಕ್ಕಿರೋದ್ರಿಂದ ಪಟ್ಟಿಯನ್ನು ಮೇಲೆ ಸರಿಸಿ, ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದ ಹಾಗೆ ಹಿಡಿಯೋ ಅಂಟು) ಒಂದು ಹನಿ ಹಾಕಿ ಬಿಗಿ ಮಾಡೋಣ ಅಂತ ಯೋಚನೆ. ಕೆಂಪು ಬೇಡ, ಆಮೇಲೆ ಬಿಚ್ಚೋಕೆ ಬಿಸಿ ಮಾಡಬೇಕಾಗುತ್ತೆ.

ತಲೆನೋವು ವಾರಂಟಿದು. ಅದಿನ್ನೂ ಮುಗಿದಿಲ್ಲ. ಸರ್ವಿಸ್‌ನವರು ಮಾತ್ರ "ಧೂಳು ಸಾರ್, ಎಣ್ಣೆ ಬಿಡಿ" ಅಂದು ಕಳಿಸಿದರು. ಎಣ್ಣೆ ಬಿಟ್ಟರೆ ಧೂಳು ಇನ್ನೂ ಅಂಟಲ್ವಾ! ಸಿಲಿಕೋನ್ ಸ್ಪ್ರೇ ಆದ್ರೂ ಹೇಳಬಹುದಿತ್ತು.

ನಾನೇ ಸ್ಕ್ರೂ ಬಿಚ್ಚಿದರೆ "ನೀವು ಕೈ ಹಾಕಿದ್ದೀರಿ" ಅಂತ ಕ್ಲೇಮ್ ತಳ್ಳಿಹಾಕ್ತಾರಾ? ಲಾಚ್ ಮಾತ್ರ ಬದಲಾಯಿಸಿಕೊಂಡವರು ಇದ್ದೀರಾ, ಹಳೇ ಕೀಯೇ ಹೊಂದುತ್ತಾ? ಫೋಟೋ, ವಿಡಿಯೋ, ಬಿಲ್ ಎಲ್ಲ ಇದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕೆಲಸ ಆದವರಿದ್ದರೂ ಹೇಳಿ. ಸದ್ಯಕ್ಕೆ ಬಂಜಿ ಹಗ್ಗ ಬಿಗಿದು ಓಡಿಸ್ತಿದ್ದೀನಿ.