ಹೊಸ ಪೆಟ್ರೋಲ್ ಕಾರು: ಮೊದಲ 1000 ಕಿ.ಮೀ. ಹ್ಯಾಂಗ ಓಡಿಸಬೇಕು?

ಪ್ರಶ್ನೆ: ಈ ವಾರ ಗಾಡಿ ಕೈಗೆ ಬರ್ತದ. ಕಲಬುರಗಿಯಿಂದ ಹುಮನಾಬಾದ್ ಮ್ಯಾಲೆ ಬೀದರ್‌ಗೆ ಒಂದೇ ಸ್ಪೀಡಿನ್ಯಾಗ ಹೊಡದ್ರ ಎಂಜಿನ್ ಸೆಟ್ ಆಗ್ತದೇನ್ರಿ?

ಉತ್ತರ: ಒಂದೇ ಸ್ಪೀಡ್ ಬ್ಯಾಡ್ರಿ. ಎಂಜಿನ್ ಒಳಗ ಮ್ಯಾಲೆ-ಕೆಳಗ ಆಡೋ ಪಿಸ್ಟನ್ನಿನ ರಿಂಗು ಸಿಲಿಂಡರ್ ಗ್ವಾಡಿಗೆ ಸರಿಯಾಗಿ ಕೂಡಬೇಕಂದ್ರ ಲೋಡು ಏರಿಳೀಬೇಕು. 2000ರಿಂದ 3000 ಆರ್‌ಪಿಎಂ (ಎಂಜಿನ್ ನಿಮಿಷಕ್ಕ ತಿರುಗೋ ಸುತ್ತು) ನಡುವ ಆಡಿಸ್ರಿ, ಆಕ್ಸಿಲರೇಟರ್ ಪೂರ್ತಿ ಒತ್ತಬ್ಯಾಡ್ರಿ. ರಿಂಗ್ ಕೂಡ್ಲಿಲ್ಲಂದ್ರ ಆಯಿಲ್ ಸುಟ್ಟು ಸೈಲೆನ್ಸರಿನಿಂದ ನೀಲಿ ಹೊಗಿ ಬರ್ತದ.

ಉತ್ತರ: ಅದಕ್ಕಿಂತ ದೊಡ್ಡ ತಪ್ಪು, ನಾಲ್ಕನೇ ಗೇರಿನ್ಯಾಗ 30ರ ಸ್ಪೀಡ್‌ಗೆ ಎಳೆಯೋದು. ಎಂಜಿನ್ ಗುಡುಗುಡು ಅಂದ್ರ ಗೇರ್ ಇಳಿಸ್ರಿ.

ಉತ್ತರ: ಬ್ರೇಕ್ ಮರೀಬ್ಯಾಡ್ರಿ. ಮೊದಲ 300 ಕಿ.ಮೀ. ಪ್ಯಾಡು ಡಿಸ್ಕಿಗೆ ಪೂರ್ತಿ ಹೊಂದಿರಲ್ಲ. ಮುಂದಿನ ಗಾಡಿಗೆ ಜಾಗ ಬಿಡ್ರಿ. ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಎಷ್ಟದ ಅಂತ ನೋಡೋ ಕಡ್ಡಿ) ವಾರಕ್ಕೊಮ್ಮೆ ನೋಡ್ರಿ, ಸಪಾಟ ಜಾಗದಾಗ, ಎಂಜಿನ್ ಬಂದ್ ಮಾಡಿ ಹತ್ತು ನಿಮಿಷ ಆದ ಮ್ಯಾಲೆ. ಮ್ಯಾನುವಲ್‌ದಾಗ ಬ್ಯಾರೆ ಅಂಕಿ ಇದ್ರ ಅದೇ ಖರೆ.